ಸ್ಪ್ಯಾನಿಷ್ ಕ್ಲಾಸಿನಲ್ಲಿ ಕನ್ನಡ ಕೇಳಿಸಬಾರದೇ?

ಪ್ರಶ್ನೆ: ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೋದ ವರ್ಷದಿಂದ ಬಿ.ಎ., ಬಿ.ಕಾಂ. ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುತ್ತಿದ್ದೇನೆ. ವಾರಕ್ಕೆ 3 ಗಂಟೆ, ಸೆಮಿಸ್ಟರಿಗೆ 16 ವಾರ. ಕ್ಲಾಸಿನಲ್ಲಿ 34 ಜನ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ವ್ಯಾಕರಣ ಅರ್ಥವಾಗದಿದ್ದಾಗ ನಾನು ಕನ್ನಡದಲ್ಲಿ ವಿವರಿಸುತ್ತಿದ್ದೆ. ಈ ಸಲ ನಮ್ಮ ವಿಭಾಗದ ಮುಖ್ಯಸ್ಥರು, ಎಚ್‌ಒಡಿ, ಕ್ಲಾಸಿಗೆ ಬಂದು ಕೂತರು. ಆಮೇಲೆ ಕರೆದು, "ಸ್ಪ್ಯಾನಿಷ್ ಮಾತ್ರ ಮಾತಾಡಿ. ಆಗದಿದ್ದರೆ ಇಂಗ್ಲಿಷ್. ಕನ್ನಡ ಕೇಳಿಸಬಾರದು. ಮಾತಾಡಿದವರಿಗೆ 10 ರೂಪಾಯಿ ದಂಡ ಹಾಕಿ" ಅಂದರು. ಅವತ್ತಿನಿಂದ ಹಿಂದಿನ ಬೆಂಚುಗಳಿಂದ ಒಂದು ಮಾತೂ ಬರುತ್ತಿಲ್ಲ. ತಾಂಡಾದಿಂದ ಬರುವ ಒಬ್ಬ ಹುಡುಗಿ ಇದ್ದಾಳೆ, ಮನೆಯಲ್ಲಿ ಲಂಬಾಣಿ. ಅವಳು ಮೊನ್ನೆ, "ಮೇಡಂ, ಇರೋ ಮೂರು ಭಾಷೆನೇ ಕಲಸಿಹೋಗಿವೆ, ನಾಲ್ಕನೇದಕ್ಕೆ ತಲೆಯಲ್ಲಿ ಜಾಗ ಎಲ್ಲಿದೆ ಅಂತಾರೆ ನಮ್ಮಪ್ಪ. ಕೋರ್ಸ್ ಬಿಟ್ಟುಬಿಡ್ತೀನಿ" ಅಂದಳು. ನಾನು ಮಾಡುತ್ತಿದ್ದದ್ದು ತಪ್ಪೇ? ಕನ್ನಡ ಬಳಸಿದರೆ ಸ್ಪ್ಯಾನಿಷ್ ಕೆಡುತ್ತದೆಯೇ? ನಾನೀಗ ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಇದು ಕ್ಲಾಸಿನಲ್ಲಿ ಯಾವ ಭಾಷೆ ಬಳಸಬೇಕು ಎಂಬ ಪ್ರಶ್ನೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಬೇರೆ. ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಮಾಡಿದ ಕೆಲಸದಿಂದಲೇ ಅವರಿಗೆ ಕೆಟ್ಟದಾಯಿತೇ ಎಂಬ ಹೆದರಿಕೆ ಅದು. ಮೊದಲು ಅದಕ್ಕೆ ಉತ್ತರ ಕೊಡುತ್ತೇನೆ. ಇಲ್ಲ, ಕನ್ನಡದಿಂದ ಸ್ಪ್ಯಾನಿಷ್ ಕೆಡುವುದಿಲ್ಲ. ಸ್ಪ್ಯಾನಿಷ್ ಕಿವಿಗೆ ಬೀಳುವುದು ಕಡಿಮೆಯಾದರೆ ಮಾತ್ರ ಕೆಡುತ್ತದೆ. ಇವೆರಡೂ ಒಂದೇ ಅಲ್ಲ. ನಿಮ್ಮ ಎಚ್‌ಒಡಿಯವರು ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ತುಂಬಾ ಜನ ಹಾಗೆಯೇ ಅಂದುಕೊಳ್ಳುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಕಲಿಯಲು ಹೋದಾಗ ನಮಗೂ ಇದೇ ನಿಯಮ ಇತ್ತು. ಸ್ಪ್ಯಾನಿಷ್, ಇಲ್ಲದಿದ್ದರೆ ಇಂಗ್ಲಿಷ್. ಮೊದಲ ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದು ಬಹಳ ಕಡಿಮೆ. ಕಾಫಿ ನನಗಿಷ್ಟ ಎಂದು ಸ್ಪ್ಯಾನಿಷ್‌ನಲ್ಲಿ ಹೇಳುವುದು ತಿಂಗಳುಗಟ್ಟಲೆ ಬರಲಿಲ್ಲ. ಇಂಗ್ಲಿಷ್‌ನಲ್ಲಿ ಇಷ್ಟಪಡುವವನು ಕರ್ತೃ. ನಾನೂ ಅದೇ ದಾರಿ ಹಿಡಿದು "ಯೊ ಗುಸ್ತೊ ಕಫೆ" ಎನ್ನುತ್ತಿದ್ದೆ. ಪ್ರತಿಸಲ ಕೆಂಪು ಗೆರೆ. ಒಂದು ರಾತ್ರಿ ಹಾಸ್ಟೆಲಿನಲ್ಲಿ ಸರಿಯಾದ ವಾಕ್ಯವನ್ನು ಜೋರಾಗಿ ಓದಿಕೊಂಡೆ. "ಮೆ ಗುಸ್ತಾ ಎಲ್ ಕಫೆ." ನನಗೆ ಇಷ್ಟ, ಕಾಫಿ. ಅರೆ, ಇದು ನಮ್ಮ ವಾಕ್ಯ! "ಮೆ" ಅಂದರೆ "ನನಗೆ". ಕಾಫಿಯೇ ಕರ್ತೃ. "ಮೆ ದುಎಲೆ ಲಾ ಕಬೆಸಾ" ಅಂದರೆ ನನಗೆ ತಲೆ ನೋಯುತ್ತಿದೆ. ನಮ್ಮಜ್ಜಿ ಹೇಳುತ್ತಿದ್ದದ್ದೂ ಹಾಗೇ ಅಲ್ವಾ! ಇಂಗ್ಲಿಷ್ ಎಂಬ ಸುತ್ತುದಾರಿ ಬಿಟ್ಟು ಕನ್ನಡದ ಕಡೆಯಿಂದ ಹೋಗಿದ್ದರೆ ಆ ಪಾಠ ಒಂದು ದಿನದ್ದು.

ಇಂಥವು ಒಂದೆರಡಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾಳೆ ನೀವು ಎಚ್‌ಒಡಿಯವರ ಮುಂದೆ ಕೂತಾಗ ಬೇಕಾಗುತ್ತದೆ.

"ನಾಳೆ ಬರ್ತೀನಿ" ಅನ್ನುತ್ತೇವೆ, "ನಾನು" ಎಂದು ಹೇಳಲೇಬೇಕಾಗಿಲ್ಲ. ಯಾರು ಬರುತ್ತಾರೆ ಎಂಬುದು ಕ್ರಿಯಾಪದದ ಬಾಲದಲ್ಲೇ ಇದೆ. ಸ್ಪ್ಯಾನಿಷ್‌ನಲ್ಲೂ ಅಷ್ಟೇ. "ಬೆಂಗೊ ಮಾಞಾನಾ" ಅಂದರೆ ಸಾಕು. ನೀನು, ನೀವು ಎಂಬ ಭೇದಕ್ಕೆ ಅಲ್ಲಿ "ತು" ಮತ್ತು "ಉಸ್ತೆದ್" ಇವೆ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ ಪದ. ಲೋಟ ಬಿದ್ದರೆ ಇಂಗ್ಲಿಷ್‌ನವರು "ನಾನು ಬೀಳಿಸಿದೆ" ಅನ್ನುತ್ತಾರೆ. ನಾವು "ನನ್ ಕೈಯಿಂದ ಬಿದ್ದೋಯ್ತು" ಅನ್ನುತ್ತೇವೆ. ಸ್ಪ್ಯಾನಿಷ್‌ನವರು "ಸೆ ಮೆ ಕಯೊ" ಅನ್ನುತ್ತಾರೆ, ಅಂದರೆ ಅದು ತಾನೇ ಬಿತ್ತು, ನನ್ನ ಕಡೆಯಿಂದ.

ನನಗೆ ಬಹಳ ಇಷ್ಟವಾದ ಹೋಲಿಕೆ ಇನ್ನೊಂದಿದೆ. ಕನ್ನಡದಲ್ಲಿ "ಪುಸ್ತಕ ಕೊಂಡೆ" ಅನ್ನಬಹುದು, "ಅನ್ನು" ಬೇಕಾಗಿಲ್ಲ. ಆದರೆ "ಮರಿಯಾ ನೋಡಿದೆ" ಅಂದರೆ ತಪ್ಪು. "ಮರಿಯಾಳನ್ನು ನೋಡಿದೆ" ಎನ್ನಲೇಬೇಕು. ಕರ್ಮ ಮನುಷ್ಯರಾದಾಗ ನಾವು ಗುರುತು ಹಾಕುತ್ತೇವೆ. ಸ್ಪ್ಯಾನಿಷ್ ಕೂಡ ಹಾಗೇ ಮಾಡುತ್ತದೆ. "ಕೊಂಪ್ರೆ ಉನ್ ಲಿಬ್ರೊ", ಪುಸ್ತಕ ಕೊಂಡೆ. "ಬಿ ಆ ಮರಿಯಾ", ಮರಿಯಾಳನ್ನು ನೋಡಿದೆ. ಆ ನಡುವಿನ "ಆ" ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿಗಳನ್ನು ತುಂಬಾ ಕಾಡುತ್ತದೆ. ಕನ್ನಡದ ಮಕ್ಕಳಿಗೆ ಇದನ್ನು ಎರಡು ನಿಮಿಷದಲ್ಲಿ ಹೇಳಬಹುದು.

ಉಚ್ಚಾರಣೆಯಲ್ಲೂ ಹಾಗೇ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳಂತೆ ಹಲ್ಲಿಗೆ ತಾಗುವ ಅಕ್ಷರಗಳು. ಕ, ತ, ಪಗಳಲ್ಲಿ ಇಂಗ್ಲಿಷ್‌ನಂತೆ ಉಸಿರು ಹೊರನುಗ್ಗುವುದಿಲ್ಲ. ಸ್ವರಗಳು ಐದೇ. ಅ, ಎ, ಇ, ಒ, ಉ. ತಲೆಯ ಮೇಲೆ ಡೊಂಕು ಗೆರೆ ಇರುವ ಆ ಹೆಸರುವಾಸಿ ಅಕ್ಷರ ñ ನಮ್ಮ ಞ. ಇಂಗ್ಲಿಷ್ ಮೂಲಕ ಬಂದ ಹುಡುಗ "ಟೊಮಾಟೆ" ಅನ್ನುತ್ತಾನೆ. ಕನ್ನಡದ ನಾಲಿಗೆಗೆ "ತೊಮಾತೆ" ಸಲೀಸು. "ಪೆರೊ" ಅಂದರೆ ಆದರೆ, "ಪೆರ್ರೊ" ಅಂದರೆ ನಾಯಿ. ಹೀಗೆ ಒಂದು ರ, ಎರಡು ರ ಎಂದು ಬೇರೆ ಮಾಡುವುದು ಮಾತ್ರ ಅಭ್ಯಾಸದಿಂದ ಬರಬೇಕು.

ಕನ್ನಡ ಎಲ್ಲೂ ದಾರಿ ತಪ್ಪಿಸುವುದಿಲ್ಲ ಎಂದು ಹೇಳಲಾರೆ. ತಪ್ಪಿಸುತ್ತದೆ. "ನನಗೆ 20 ವರ್ಷ" ಎಂಬುದನ್ನು ಹಾಗೇ ಹೇಳಲು ಹೋದರೆ ತಪ್ಪು. ಸ್ಪ್ಯಾನಿಷ್‌ನವರ ಬಳಿ 20 ವರ್ಷ "ಇವೆ", "ತೆಂಗೊ". ಹಸಿವೂ ಹಾಗೇ. ಕ್ರಿಯಾಪದವನ್ನು ಕೊನೆಗೆ ತಳ್ಳುವ ಅಭ್ಯಾಸ ಮೊದಲ ಕೆಲವು ವಾರ ಬಿಡುವುದಿಲ್ಲ. ಎಲ್ಲಕ್ಕಿಂತ ಕಷ್ಟ ಲಿಂಗ. ನಮಗೆ ಮೇಜು, ಪುಸ್ತಕ ಎರಡೂ ನಪುಂಸಕ. ಅಲ್ಲಿ "ಲಾ ಮೆಸಾ" ಹೆಣ್ಣು, "ಎಲ್ ಲಿಬ್ರೊ" ಗಂಡು. ನಮ್ಮ ಮೇಜು ಪೋರ್ಚುಗೀಸರ "ಮೆಸಾ"ದಿಂದ ಬಂದ ಪದ ಎನ್ನುತ್ತಾರೆ. ಪದ ಬಂತು, ಅದರ ಲಿಂಗ ಬರಲಿಲ್ಲ.

ಆದರೆ ಎಲ್ಲ ತಪ್ಪಿಗೂ ಮಾತೃಭಾಷೆಯೇ ಕಾರಣ ಎನ್ನುವುದು ಸರಿಯಲ್ಲ. "ನನಗೆ ಗೊತ್ತು" ಎನ್ನಲು "ಸೆ" ಎನ್ನಬೇಕಾದಲ್ಲಿ "ಸಾಬೊ" ಎನ್ನುವ ವಿದ್ಯಾರ್ಥಿಗಳು ನಿಮ್ಮಲ್ಲೂ ಇರುತ್ತಾರೆ. ಸ್ಪೇನಿನಲ್ಲಿ, ಮೆಕ್ಸಿಕೊದಲ್ಲಿ ಹುಟ್ಟಿದ ಮೂರು ವರ್ಷದ ಮಕ್ಕಳೂ ಹಾಗೇ ಅನ್ನುತ್ತವೆ. ನಿಯಮ ಕಲಿತ ಮನಸ್ಸು ಅದನ್ನು ಎಲ್ಲ ಕಡೆ ಹಚ್ಚುತ್ತದೆ. ಅದರಲ್ಲಿ ಕನ್ನಡದ ಪಾತ್ರ ಏನೂ ಇಲ್ಲ. ತಪ್ಪು ಕಂಡಾಗಲೆಲ್ಲ "ಕನ್ನಡದಲ್ಲಿ ಯೋಚಿಸಬೇಡಿ" ಎನ್ನುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಹಾಗಾದರೆ "ಕಲಿಯುವ ಭಾಷೆ ಮಾತ್ರ" ಎಂಬ ನಿಯಮ ಬಂದದ್ದು ಎಲ್ಲಿಂದ? ಅದಕ್ಕೂ ಒಂದು ಕಾರಣ ಇತ್ತು. 19ನೇ ಶತಮಾನದಲ್ಲಿ ಯುರೋಪ್, ಅಮೆರಿಕದ ಕಾಲೇಜುಗಳಲ್ಲಿ ಭಾಷೆ ಕಲಿಯುವುದು ಅಂದರೆ ವ್ಯಾಕರಣ ಉರು ಹೊಡೆದು ಅನುವಾದ ಮಾಡುವುದು. ವರ್ಷಗಟ್ಟಲೆ ಓದಿದರೂ ಮಾತು ಬರುತ್ತಿರಲಿಲ್ಲ. 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ ತೆರೆದ ಶಾಲೆ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. ಮೊದಲ ದಿನದಿಂದ ಕಲಿಯುವ ಭಾಷೆಯಲ್ಲೇ ಮಾತು, ಅನುವಾದ ಇಲ್ಲ. ಆ ಕಾಲಕ್ಕೆ ಅದು ಒಳ್ಳೆಯ ಮದ್ದು. ವಿದ್ಯಾರ್ಥಿಗಳು ಬೇರೆಬೇರೆ ಭಾಷೆಯವರಾಗಿದ್ದರೆ, ಮೇಷ್ಟ್ರಿಗೆ ಅವರ ಭಾಷೆ ಗೊತ್ತಿಲ್ಲದಿದ್ದರೆ ಬೇರೆ ದಾರಿಯೂ ಇರಲಿಲ್ಲ. ನಿಮ್ಮ ಸ್ಥಿತಿ ಅದಲ್ಲ. ನಿಮಗೂ ಮಕ್ಕಳಿಗೂ ಒಂದು ಭಾಷೆ ಸಮಾನವಾಗಿ ಇದೆ. ಅದನ್ನು ಮುಚ್ಚಿಡಿ ಎನ್ನುವುದಕ್ಕೆ ಬರ್ಲಿಟ್ಜ್ ಶಾಲೆಗಿದ್ದ ಕಾರಣ ನಮಗಿಲ್ಲ.

ಇನ್ನು ದಂಡದ ಮಾತು. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ದಯವಿಟ್ಟು ಒಂದು ರೂಪಾಯಿಯನ್ನೂ ವಸೂಲಿ ಮಾಡಬೇಡಿ. ನೀವು ಕಲಿಸುತ್ತಿರುವ ಇದೇ ಸ್ಪ್ಯಾನಿಷ್ ಭಾಷೆಯನ್ನು ಆಡಿದ್ದಕ್ಕೆ ಅಮೆರಿಕದ ಟೆಕ್ಸಾಸ್‌ನಲ್ಲಿ 20ನೇ ಶತಮಾನದ ಬಹುಕಾಲ ಶಾಲಾ ಮಕ್ಕಳಿಗೆ ಏಟು ಬೀಳುತ್ತಿತ್ತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮೆಕ್ಸಿಕನ್ ಮೂಲದ ಮಕ್ಕಳು ಅವರು. ಅದೇ ಮಕ್ಕಳು ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗಿ ಸ್ಪ್ಯಾನಿಷ್ ವಿಭಾಗ ಸೇರಿದರೆ ಅಲ್ಲಿ ಇನ್ನೊಂದು ತರದ ಏಟು. "ನಿಮ್ಮ ಮನೆಯ ಸ್ಪ್ಯಾನಿಷ್ ಶುದ್ಧ ಅಲ್ಲ, ಇಂಗ್ಲಿಷ್ ಬೆರೆತಿದೆ, ಮೊದಲು ಅದನ್ನು ಮರೆಯಿರಿ." ಮಧ್ಯಾಹ್ನದ ಊಟಕ್ಕೆ "ಲೊಂಚೆ" ಎಂದರೆ ತಪ್ಪು, "ಅಲ್ಮುಎರ್ಸೊ" ಎನ್ನಬೇಕು. ಹುಟ್ಟಿನಿಂದ ಆ ಭಾಷೆ ಆಡುವವರು ತಮ್ಮ ಭಾಷೆಯ ಕ್ಲಾಸಿನಲ್ಲೇ ತಲೆತಗ್ಗಿಸಿ ಕೂರಬೇಕಾಯಿತು. 1970ರ ದಶಕದಿಂದ ಈಚೆಗೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇಂಥ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಕೋರ್ಸುಗಳು ಹರಡಿದವು. ಮನೆಯ ಮಾತನ್ನು ಅಳಿಸದೆ ಅದರ ಮೇಲೇ ಕಟ್ಟೋಣ ಎಂದು ಗ್ವಾಡಲೂಪೆ ವಾಲ್ಡೆಸ್ ಅವರಂಥ ವಿದ್ವಾಂಸರು ದಶಕಗಳ ಕಾಲ ವಾದಿಸಿದರು. ದಾವಣಗೆರೆ ಕಡೆಯ ಕನ್ನಡ ಆಡಿದ್ದಕ್ಕೆ "ಇದೆಂಥ ಕನ್ನಡ" ಎಂದು ಬೆಂಗಳೂರಿನಲ್ಲಿ ಅನ್ನಿಸಿಕೊಂಡವರಿಗೆ ಆ ನೋವು ಹೊಸದಾಗಿ ಹೇಳಬೇಕಾಗಿಲ್ಲ.

ಸ್ಪ್ಯಾನಿಷ್ ಆಡುವ ದೇಶಗಳೂ ಒಂದೇ ಭಾಷೆಯ ನಾಡುಗಳಲ್ಲ. ಸ್ಪೇನಿನಲ್ಲೇ ಕತಲಾನ್, ಬಾಸ್ಕ್, ಗಲೀಸಿಯನ್ ಭಾಷೆಗಳಿವೆ. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಅವನ್ನು ಶಾಲೆಯಿಂದ ಹೊರಗಿಟ್ಟಿದ್ದರು. 1978ರ ಸಂವಿಧಾನ ಬಂದ ಮೇಲೆ ಅವಕ್ಕೆ ತಮ್ಮತಮ್ಮ ಪ್ರಾಂತ್ಯಗಳಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. ಪರಾಗ್ವೆಯಲ್ಲಿ 1992ರಿಂದ ಅಲ್ಲಿನ ಮೂಲನಿವಾಸಿ ಭಾಷೆ ಗ್ವಾರಾನಿ ಮತ್ತು ಸ್ಪ್ಯಾನಿಷ್ ಎರಡೂ ಅಧಿಕೃತ. ಅಲ್ಲಿನ ಜನ ಎರಡನ್ನೂ ಬೆರೆಸಿ ಆಡುತ್ತಾರೆ, ಆ ಬೆರಕೆ ಮಾತಿಗೆ "ಜೊಪಾರಾ" ಎಂಬ ಹೆಸರೇ ಇದೆ. ಬೊಲಿವಿಯಾದ 2009ರ ಸಂವಿಧಾನ ಸ್ಪ್ಯಾನಿಷ್ ಜತೆಗೆ 36 ಮೂಲನಿವಾಸಿ ಭಾಷೆಗಳನ್ನು ಹೆಸರಿಸುತ್ತದೆ. ನಿಮ್ಮ ಕ್ಲಾಸಿನಲ್ಲಿ ಕನ್ನಡ, ಲಂಬಾಣಿ, ಬಹುಶಃ ಉರ್ದು ಕೂಡ ಪಕ್ಕಪಕ್ಕ ಕೂತಿವೆ. ಅದು ಸ್ಪ್ಯಾನಿಷ್ ಲೋಕಕ್ಕೆ ಹೊರಗಿನ ದೃಶ್ಯ ಅಲ್ಲವೇ ಅಲ್ಲ.

ನಿಮ್ಮ ಎಚ್‌ಒಡಿಯವರ ಮಾತಿನಲ್ಲಿ ಒಂದು ಅಂಶ ಗಮನಿಸಿದಿರಾ? "ಆಗದಿದ್ದರೆ ಇಂಗ್ಲಿಷ್." ಕಿವಿಗೆ ಸ್ಪ್ಯಾನಿಷ್ ಮಾತ್ರ ಬೀಳಲಿ ಎನ್ನುವುದೇ ಗುರಿಯಾಗಿದ್ದರೆ ಇಂಗ್ಲಿಷ್ ಕೂಡ ಬೇಡವಾಗಬೇಕಿತ್ತು. ಇಂಗ್ಲಿಷ್‌ಗೆ ಬಾಗಿಲು ತೆರೆದು ಕನ್ನಡಕ್ಕೆ ಮುಚ್ಚಿದರೆ ಅದು ಕಲಿಕೆಯ ನಿಯಮ ಅಲ್ಲ, ಭಾಷೆಗಳಿಗೆ ಕೊಟ್ಟ ದರ್ಜೆ. ಅವರು ಬೇಕೆಂದೇ ಹಾಗೆ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಪೋಷಕರು ಏನಂತಾರೋ, ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಮಕ್ಕಳು ಏನು ಮಾಡುತ್ತಾರೋ ಎಂಬ ಚಿಂತೆ ಅವರಿಗೂ ಇರುತ್ತದೆ. ಆದರೆ ಇದರ ಪೆಟ್ಟು ಬೀಳುವುದು ಹಿಂದಿನ ಬೆಂಚಿಗೇ.

ಈಗ ದಾರಿಗಳು. ಮೊದಲನೆಯದು, ನಿಯಮವನ್ನು ಪೂರ್ತಿ ಪಾಲಿಸುವುದು. ಕೆಲಸಕ್ಕೆ ತೊಂದರೆ ಇಲ್ಲ. ಮಕ್ಕಳ ಕಿವಿಗೂ ಒಂದಷ್ಟು ಲಾಭ ಆಗುತ್ತದೆ. ಆದರೆ "ಔಂಕೆ", ಅಂದರೆ "ಆದರೂ" ಎಂಬ ಒಂದು ಪದಕ್ಕೆ ಹತ್ತು ನಿಮಿಷ ಕೈಸನ್ನೆ ಮಾಡಬೇಕಾಗುತ್ತದೆ. ಕನ್ನಡದಲ್ಲಿ ಅದು ಎರಡು ಸೆಕೆಂಡಿನ ಕೆಲಸ. ಇಂಗ್ಲಿಷ್ ಚೆನ್ನಾಗಿ ಬರುವ ಹತ್ತು ಜನ ಮುಂದೆ ಹೋಗುತ್ತಾರೆ, ಉಳಿದವರು ಹಾಜರಿಗಾಗಿ ಮಾತ್ರ ಬಂದು ಕೂರುತ್ತಾರೆ.

ಎರಡನೆಯದು, ಮೊದಲಿನಂತೆ ಬೇಕಾದಾಗಲೆಲ್ಲ ಕನ್ನಡ. ಇದರ ಅಪಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾನು ಪಟ್ಟ ಕಷ್ಟ ನನ್ನ ಮಕ್ಕಳು ಪಡಬಾರದು ಎಂದು ಎಲ್ಲವನ್ನೂ ಕನ್ನಡದಲ್ಲೇ ಹೇಳಿದೆ. ಕ್ಲಾಸಿನಲ್ಲಿ ನಗು, ಮಾತು, ಎಲ್ಲ ಚೆನ್ನಾಗಿತ್ತು. ವರ್ಷದ ಕೊನೆಗೆ ಅವರಿಗೆ ನಿಯಮಗಳೆಲ್ಲ ಬಾಯಿಪಾಠ, ಆದರೆ ಒಂದು ಲೋಟ ನೀರು ಕೇಳಲು ಬಾಯಿ ಬರಲಿಲ್ಲ. ತಪ್ಪು ನನ್ನದೇ. ದಾವಣಗೆರೆಯಲ್ಲಿ ಹಿಂದಿಯೋ ತೆಲುಗೋ ಆದರೆ ಬಸ್‌ಸ್ಟ್ಯಾಂಡಿನಲ್ಲೂ ಕಿವಿಗೆ ಬೀಳುತ್ತದೆ. ಸ್ಪ್ಯಾನಿಷ್ ಹಾಗಲ್ಲ. ನಿಮ್ಮ ಮಕ್ಕಳಿಗೆ ಸೆಮಿಸ್ಟರಿಗೆ ಇರುವುದು ಒಟ್ಟು 48 ಗಂಟೆ. ಅದರಲ್ಲಿ 30 ಗಂಟೆ ಕನ್ನಡವಾದರೆ ಉಳಿಯುವುದು ಎಷ್ಟು?

ನಾನು ಈಗ ಹಿಡಿದಿರುವುದು ಮೂರನೆಯ ದಾರಿ. ಕನ್ನಡ ಬೇಕು, ಆದರೆ ಅದಕ್ಕೆ ಗೊತ್ತಾದ ಜಾಗ ಇರಬೇಕು. ಹಾಜರಿ, ನಮಸ್ಕಾರ, "ಪುಸ್ತಕ ತೆರೆಯಿರಿ", "ಇನ್ನೊಮ್ಮೆ ಹೇಳಿ" ಇವೆಲ್ಲ ಮೊದಲ ದಿನದಿಂದ ಸ್ಪ್ಯಾನಿಷ್‌ನಲ್ಲೇ. ದಿನವೂ ಬರುವ ಮಾತುಗಳಾದ್ದರಿಂದ ವಾರದೊಳಗೆ ಅಂಟಿಕೊಳ್ಳುತ್ತವೆ. ಹೊಸ ಪದ ಬಂದಾಗ ಮೊದಲು ಸ್ಪ್ಯಾನಿಷ್, ಮೆಲ್ಲಗೆ ಒಂದೇ ಒಂದು ಸಲ ಕನ್ನಡ, ಮತ್ತೆ ಸ್ಪ್ಯಾನಿಷ್. ಜರ್ಮನಿಯ ಭಾಷಾ ಬೋಧಕ ವೋಲ್ಫ್‌ಗಾಂಗ್ ಬುಟ್ಸ್‌ಕಾಮ್ ಇದನ್ನು ಸ್ಯಾಂಡ್‌ವಿಚ್ ವಿಧಾನ ಎಂದು ಕರೆದರು. ವ್ಯಾಕರಣದ ಹೋಲಿಕೆಗೆ, ಮೇಲೆ ಹೇಳಿದೆನಲ್ಲ "ನನಗೆ ಇಷ್ಟ"ದಂಥದ್ದಕ್ಕೆ, ಕ್ಲಾಸಿನ ಕೊನೆಯ ಹತ್ತು ನಿಮಿಷ ಇಡಿ. ಆ ಹತ್ತು ನಿಮಿಷ ಕನ್ನಡವನ್ನು ಸಂಕೋಚವಿಲ್ಲದೆ ಬಳಸಿ. ಮತ್ತೆ ಮೊದಲ ವಾರವೇ ಒಂದು ವಾಕ್ಯ ಕಲಿಸಿಬಿಡಿ. "ಕೊಮೊ ಸೆ ದಿಸೆ 'ಬೇಜಾರು' ಎನ್ ಎಸ್ಪಾಞೊಲ್?" ಬೇಜಾರು ಎನ್ನುವುದನ್ನು ಸ್ಪ್ಯಾನಿಷ್‌ನಲ್ಲಿ ಹೇಗೆ ಹೇಳುವುದು? ಕನ್ನಡ ಪದ ಸ್ಪ್ಯಾನಿಷ್ ವಾಕ್ಯದ ಒಳಗೆ ಬಂದು ಕೂತಿತು. ಹುಡುಗನಿಗೆ ಬಾಯಿ ಬಿಡಲು ಧೈರ್ಯ ಬಂತು, ಆಡಿದ್ದು ಮಾತ್ರ ಸ್ಪ್ಯಾನಿಷ್.

ಈ ದಾರಿಯಲ್ಲೂ ಜಾರುವುದುಂಟು. ಸುಸ್ತಾದ ದಿನ ಹತ್ತು ನಿಮಿಷ ಮೂವತ್ತಾಗುತ್ತದೆ. ತಿಂಗಳಿಗೊಮ್ಮೆ ಫೋನಿನಲ್ಲಿ ನಿಮ್ಮ ಪಾಠ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ನಾನು ಈಗಲೂ ಮಾಡುತ್ತೇನೆ. ಕನ್ನಡ ಬಾರದವರು ಒಬ್ಬಿಬ್ಬರು ಇದ್ದರೆ ಅವರಿಗೂ ಅರ್ಥವಾಗುವಂತೆ ಹೇಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹಿಂದಿನ ಬೆಂಚು ಬದಲಾಗುತ್ತದೆ ಅಷ್ಟೇ.

ಎಚ್‌ಒಡಿಯವರ ಬಳಿ ಹೋಗುವುದು ಹೇಗೆ? ನೀವು ಅತಿಥಿ ಉಪನ್ಯಾಸಕಿ. ಮುಂದಿನ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಅನಿಶ್ಚಿತತೆ ನನಗೂ ಗೊತ್ತು. ಆದ್ದರಿಂದ ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ಎತ್ತಬೇಡಿ, ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡ. ಒಬ್ಬರೇ ಹೋಗಿ. ಮೊದಲು ಅವರ ಚಿಂತೆ ಸರಿ ಎಂದು ಒಪ್ಪಿಕೊಳ್ಳಿ. ಕ್ಲಾಸಿನಲ್ಲಿ ಸ್ಪ್ಯಾನಿಷ್ ಜಾಸ್ತಿ ಆಗಬೇಕು ಎಂಬುದು ನಿಜವೇ. ಆಮೇಲೆ ದಂಡ ತೆಗೆಯಿರಿ ಎಂಬ ಒಂದೇ ಕೋರಿಕೆ ಇಡಿ. ಅದಾದ ಮೇಲೆ, ಒಂದು ತಿಂಗಳು ಹೀಗೆ ಮಾಡಿ ನೋಡುತ್ತೇನೆ, ನೀವೇ ಬಂದು ಮಕ್ಕಳನ್ನು ಮಾತಾಡಿಸಿ ಎನ್ನಿ. ಎ1, ಎ2 ಎಂಬ ಹಂತಗಳು ಬಂದದ್ದು 2001ರ ಯುರೋಪಿನ ಭಾಷಾ ಚೌಕಟ್ಟಿನಿಂದ. ಅದೇ ಚೌಕಟ್ಟು ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ದಾಟಿಸುವುದನ್ನು ಒಂದು ಕೌಶಲ ಎಂದು ಗುರುತಿಸಿದೆ. 2020ರ ಅದರ ಪೂರಕ ಸಂಪುಟದಲ್ಲಿ ಇದನ್ನು ಇನ್ನೂ ವಿಸ್ತಾರವಾಗಿ ಬರೆದಿದ್ದಾರೆ. ಆ ಪುಟಗಳ ಪ್ರಿಂಟ್ ಕೈಯಲ್ಲಿರಲಿ.

ಅವರು ಒಪ್ಪಲಿಲ್ಲ ಅಂದುಕೊಳ್ಳಿ. ಆಗ ಕನ್ನಡವನ್ನು ಬಾಯಿಂದ ತೆಗೆದು ಕಾಗದಕ್ಕೆ ಹಾಕಿ. ಪ್ರತಿ ಪಾಠಕ್ಕೂ ಒಂದು ಹಾಳೆ, ಎಡಕ್ಕೆ ಸ್ಪ್ಯಾನಿಷ್, ಬಲಕ್ಕೆ ಕನ್ನಡ. ಹಿಂದಿನ ದಿನವೇ ಕೊಟ್ಟುಬಿಡಿ. ಹೀಗೆ ಮಾಡುತ್ತಿದ್ದೇನೆ ಎಂದು ಅವರಿಗೂ ತಿಳಿಸಿರಿ, ಮುಚ್ಚಿಡುವ ಕೆಲಸ ಇದಲ್ಲ. ಮಕ್ಕಳು ಅರ್ಥ ಗೊತ್ತಿಟ್ಟುಕೊಂಡೇ ಬರುವುದರಿಂದ ಕ್ಲಾಸಿನ ಹೊತ್ತೆಲ್ಲ ಮಾತಿಗೇ ಸಿಗುತ್ತದೆ. ಹಾಳೆ ತಯಾರಿಸುವ ಕೆಲಸ ನಿಮಗೆ ಹೆಚ್ಚು, ಅದಕ್ಕೆ ಸಂಬಳವೂ ಸಿಗುವುದಿಲ್ಲ. ಒಂದು ಸೆಮಿಸ್ಟರ್ ಕಷ್ಟಪಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ.

ಕೊನೆಗೆ ಆ ಹುಡುಗಿ. ತಲೆಯಲ್ಲಿ ಜಾಗ ಇಲ್ಲ ಎಂಬ ಮಾತು ಅವಳ ಅಪ್ಪ ಹುಟ್ಟಿಸಿದ್ದಲ್ಲ. 1923ರಲ್ಲಿ ವೇಲ್ಸ್‌ನಲ್ಲಿ ಡಿ.ಜೆ. ಸೇರ್ ಎಂಬವರು ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ, ಹಳ್ಳಿಯ ಎರಡು ಭಾಷೆಯ ಮಕ್ಕಳು ಬುದ್ಧಿಯಲ್ಲಿ ಹಿಂದೆ ಎಂದು ಬರೆದರು. ಪಟ್ಟಣದ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಾರಣ ಭಾಷೆಗಿಂತ ಹೆಚ್ಚಾಗಿ ಹಳ್ಳಿಯ ಬದುಕು, ಶಾಲೆಯ ಸ್ಥಿತಿ ಇರಬೇಕು ಅಲ್ವಾ. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಒಂದೇ ಆರ್ಥಿಕ ಮಟ್ಟದ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ ಎರಡು ಭಾಷೆಯವರೇ ಮುಂದಿದ್ದರು. ಎರಡು ಭಾಷೆ ಬಂದರೆ ಬುದ್ಧಿ ಜಾಸ್ತಿ ಎಂದು ನಾನು ಹೇಳುವುದಿಲ್ಲ. ಆ ಬಗ್ಗೆ ಸಂಶೋಧಕರು ಇನ್ನೂ ವಾದಿಸುತ್ತಿದ್ದಾರೆ. ಒಂದು ಭಾಷೆ ಇನ್ನೊಂದರ ಜಾಗ ಕಸಿಯುತ್ತದೆ ಎಂಬ ಹೆದರಿಕೆಗೆ ಆಧಾರ ಇಲ್ಲ ಎಂದಷ್ಟೇ ಅವಳ ಅಪ್ಪನಿಗೆ ಹೇಳಿ. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆಯ ಮೇಲೆ ಅಶೋಕನ ಶಾಸನ ಇದೆಯಲ್ಲ, ಅದನ್ನೂ ಹೇಳಬಹುದು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಬರೆದ ಚಪಡ ಕೊನೆಯಲ್ಲಿ "ಲಿಪಿಕಾರ" ಎಂಬ ತನ್ನ ಕೆಲಸದ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಓದುವ ವಾಯವ್ಯದ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಲಿಪಿ ಬಲ್ಲವನೊಬ್ಬ ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಕಡೆಯ ಬಂಡೆಯ ಮೇಲೆ ಗುರುತು ಬಿಟ್ಟು ಹೋಗಿದ್ದಾನೆ.

ಆ ಹುಡುಗಿಯ ಬಳಿ ನಿಮಗೂ ನನಗೂ ಇಲ್ಲದ ಒಂದು ಅನುಕೂಲ ಇದೆ. ಲಂಬಾಣಿಯಲ್ಲಿ ವಸ್ತುಗಳಿಗೂ ಗಂಡು, ಹೆಣ್ಣು ಎಂಬ ಭೇದ ಇದೆ, ಉರ್ದುವಿನಲ್ಲಿ ಇರುವ ಹಾಗೆ. ಯಾವ ಪದ ಯಾವ ಲಿಂಗ ಎನ್ನುವುದು ಸ್ಪ್ಯಾನಿಷ್‌ಗೆ ಹೊಂದದೇ ಇರಬಹುದು. ಆದರೆ ನಿರ್ಜೀವ ವಸ್ತುವಿಗೆ ಲಿಂಗ ಏಕೆ ಎಂದು ಕನ್ನಡದ ಮಕ್ಕಳು ಒದ್ದಾಡುವಾಗ ಅವಳಿಗೆ ಅದು ಹೊಸದೇ ಅಲ್ಲ. ಮುಂದಿನ ಕ್ಲಾಸಿನಲ್ಲಿ "ಲಾ ಮೆಸಾ", "ಎಲ್ ಲಿಬ್ರೊ" ಪಾಠ ಬಂದಾಗ ಅವಳನ್ನು ಬೋರ್ಡಿನ ಬಳಿ ಕರೆಯಿರಿ. ಮೇಜು, ಪುಸ್ತಕ, ಕುರ್ಚಿ, ಬಾಗಿಲು ಲಂಬಾಣಿಯಲ್ಲಿ ಗಂಡೋ ಹೆಣ್ಣೋ ಎಂದು ಕೇಳಿ, ಸ್ಪ್ಯಾನಿಷ್ ಪದಗಳ ಪಕ್ಕದಲ್ಲಿ ಅವಳ ಕೈಯಲ್ಲೇ ಬರೆಸಿ. ಉರ್ದು ಆಡುವ ಮಕ್ಕಳಿದ್ದರೆ ಅವರು ಮೂರನೇ ಸಾಲು ಬರೆಯಲಿ. ಕನ್ನಡದವರು ಕೂತು ನೋಟ್ಸ್ ಮಾಡಿಕೊಳ್ಳಲಿ. ಏನಾಯಿತು ಎಂದು ನನಗೆ ಬರೆದು ತಿಳಿಸಿ.